ಇನ್ಸುಲಿನ್ ಬಿಡಬೇಡಿ, ಹೊಟ್ಟೆ ಮುಟ್ಟಿ ನೋಡಿ (ಕಂತು 23)

ಈ ಕಂತು ಸ್ವಲ್ಪ ಉದ್ದ ಇದೆ. ಸ್ವಲ್ಪ ಸಿಟ್ಟೂ ಇದೆ. ಮನೆಯಲ್ಲಿ ಯಾರಾದರೂ ಇನ್ಸುಲಿನ್ ತಗೊಳ್ಳುತ್ತಿದ್ದರೆ ದಯವಿಟ್ಟು ಕೊನೆತನಕ ಓದಿ.

ಎರಡು ತಿಂಗಳ ಹಿಂದೆ ನೈಟ್ ಡ್ಯೂಟಿ ಮುಗಿಸಿ ಅಬುಧಾಬಿಯ ಸ್ಟಾಫ್ ಬಸ್ಸಿನಲ್ಲಿ ಕೂತಿದ್ದೆ. ನಮ್ಮ ಕನ್ನಡ ಗ್ರೂಪಿಗೆ ಒಂದು ಫಾರ್ವರ್ಡ್ ಬಂತು. ಕೆಂಪು ಅಕ್ಷರ, ಮೂರು ತಲೆಬುರುಡೆ, ಕೊನೆಗೆ "ಹತ್ತು ಜನಕ್ಕೆ ಕಳಿಸಿ ಪುಣ್ಯ ಕಟ್ಟಿಕೊಳ್ಳಿ". ಒಳಗೆ ಇದ್ದದ್ದು ಮೂರೇ ಮಾತು. ಚುಚ್ಚಿಕೊಂಡ ಇನ್ಸುಲಿನ್ ಚರ್ಮದ ಕೆಳಗೆ ಅಮಿಲಾಯ್ಡ್ ಆಗುತ್ತದೆ. ಅಮಿಲಾಯ್ಡ್ ಅಂದರೆ ಮರೆವಿನ ಕಾಯಿಲೆಯವರ ಮಿದುಳಿನಲ್ಲಿ ಸಿಗುವ ವಿಷ. ಆದ್ದರಿಂದ ಇನ್ಸುಲಿನ್ ಬಿಟ್ಟು ಕಷಾಯ ಕುಡಿಯಿರಿ.

ಓದಿ ನಕ್ಕೆ. "ಖಲ್ಲಿವಲ್ಲಿ" ಅಂತ ಡಿಲೀಟ್ ಮಾಡಿ ನಿದ್ದೆ ಹೋದೆ. ಹನ್ನೆರಡು ತಾಸು ನಿಂತು ಬಂದವಳಿಗೆ ಗ್ರೂಪಿನಲ್ಲಿ ಜಗಳ ಆಡುವ ತ್ರಾಣ ಇರಲಿಲ್ಲ. ಇವತ್ತು ಹೇಳುತ್ತೇನೆ, ಆ ನಗು ನನ್ನ ತಪ್ಪು.

ಒಂಬತ್ತು ದಿನ ಆದ ಮೇಲೆ ಕಾಕಾ ಬಂದರು. ಕಾಕಾ ಅಂತಲೇ ಬರೆಯುತ್ತೇನೆ, ಗುರುತು ಸಿಗುವ ವಿವರ ಬದಲಿಸಿದ್ದೇನೆ. ವಿಜಯಪುರ ಕಡೆಯವರು, ಐವತ್ತು ದಾಟಿದ ಡ್ರೈವರ್, ಹನ್ನೊಂದು ವರ್ಷದಿಂದ ಇನ್ಸುಲಿನ್ ಮೇಲೆ ಇರುವವರು. ಬಾಯಿ ಒಣಗಿ ಮಾತು ತೊದಲುತ್ತಿತ್ತು. ಗ್ಲುಕೋಮೀಟರಿನಲ್ಲಿ ಅಂಕಿಯೇ ಬರಲಿಲ್ಲ, "ಹೈ" ಅಂತ ಮಾತ್ರ ತೋರಿಸಿತು. ಡ್ರಿಪ್ ಹಾಕಿ, ಇನ್ಸುಲಿನ್ ಇನ್ಫ್ಯೂಷನ್ ಶುರುವಾಗಿ, ಸಂಜೆ ಹೊತ್ತಿಗೆ ಕಣ್ಣು ಬಿಟ್ಟರು. ಕನ್ನಡ ಕೇಳಿ ಅವರ ಮುಖ ಅರಳಿತು.

"ಇಂಜೆಕ್ಷನ್ ಯಾಕ ಬಿಟ್ರಿ ಕಾಕಾ?"

"ಅಲ್ವಾ ತಂಗಿ, ಅದು ಹೊಟ್ಟ್ಯಾಗ ಗಂಟ ಆಗತೈತಂತ. ಆಮ್ಯಾಲ ತಲಿಗೆ ಏರತೈತಂತ. ನನಗ ಗಂಟ ಆಗೇತಿ ನೋಡ."

ಅಂಗಿ ಎತ್ತಿ ತೋರಿಸಿದರು. ಹೊಕ್ಕುಳದ ಬಲಕ್ಕೆ ನಿಂಬೆಹಣ್ಣಿನಷ್ಟು ಗಂಟು, ಒತ್ತಿದರೆ ಗಟ್ಟಿ. ಎಷ್ಟೋ ವರ್ಷದಿಂದ ಅಲ್ಲೇ ಚುಚ್ಚಿಕೊಳ್ಳುತ್ತಿದ್ದರು. ಯಾಕೆ ಅಂದರೆ ಅಲ್ಲಿ ನೋವೇ ಆಗುವುದಿಲ್ಲ.

ಫಾರ್ವರ್ಡ್ ಗೆದ್ದದ್ದು ಇಲ್ಲಿ. ಅದು ಹೇಳಿದ ಗಂಟು ಕಾಕಾನ ಹೊಟ್ಟೆಯಲ್ಲಿ ನಿಜವಾಗಿಯೂ ಇತ್ತು. ಆಸ್ಪತ್ರೆಯವರು ಒಬ್ಬರೂ ಅದರ ಬಗ್ಗೆ ಒಂದು ಮಾತು ಆಡಿರಲಿಲ್ಲ, ತಲೆಬುರುಡೆ ಚಿಹ್ನೆಯವನು ಆಡಿದ್ದ. ಹಾಗಿದ್ದ ಮೇಲೆ ಕಾಕಾ ಯಾರನ್ನು ನಂಬಬೇಕು?

ಆ ಮೂರು ಮಾತಿಗೆ ಉತ್ತರ ಕೊಡುವುದು ನನ್ನ ಸಾಲ. ಈಗ ತೀರಿಸುತ್ತೇನೆ.

*ಅಮಿಲಾಯ್ಡ್ ಅಂದರೆ ಏನು*

ನಮ್ಮ ಕಡೆ ಖಡಕ್ ರೊಟ್ಟಿ ಒಂದರ ಮೇಲೊಂದು ಪೇರಿಸಿ ಇಡುತ್ತಾರಲ್ಲ, ಹಾಗೆ ಪ್ರೊಟೀನಿನ ಎಳೆಗಳು ಒಂದರ ಮೇಲೊಂದು ಕೂತು ಉದ್ದನೆಯ ದಾರ ಆಗುತ್ತವೆ. ಆ ಜೋಡಣೆಗೆ ಅಮಿಲಾಯ್ಡ್ ಅನ್ನುತ್ತಾರೆ. ಅದು ಆಕಾರದ ಹೆಸರು. ರೊಟ್ಟಿ ಜೋಳದ್ದೂ ಇರಬಹುದು, ಸಜ್ಜೆಯದ್ದೂ ಇರಬಹುದು. ಹಾಗೇ ಬೇರೆ ಬೇರೆ ಪ್ರೊಟೀನುಗಳು ಈ ಆಕಾರಕ್ಕೆ ಬರುತ್ತವೆ.

ಹೆಸರು ಇಟ್ಟದ್ದೇ ತಪ್ಪಿನಿಂದ. 1854ರಲ್ಲಿ ಜರ್ಮನಿಯ ರುಡಾಲ್ಫ್ ವಿರ್ಖೋ ಅಯೋಡಿನ್ ಹಾಕಿ ಬಣ್ಣ ಬಂದದ್ದು ನೋಡಿ ಇದು ಪಿಷ್ಟದಂಥದ್ದು ಅಂದುಕೊಂಡರು. ಪಿಷ್ಟಕ್ಕೆ ಲ್ಯಾಟಿನ್ನಿನಲ್ಲಿ ಅಮೈಲಮ್, ಅದರಿಂದ ಅಮಿಲಾಯ್ಡ್. ಐದೇ ವರ್ಷದಲ್ಲಿ, 1859ರಲ್ಲಿ, ಫ್ರೀಡ್ರೈಖ್ ಮತ್ತು ಕೆಕುಲೆ ಅದು ಪಿಷ್ಟವಲ್ಲ, ಪ್ರೊಟೀನ್ ಬಗೆಯದ್ದು ಅಂತ ತೋರಿಸಿದರು. ಹೆಸರು ಮಾತ್ರ ಹಾಗೇ ಉಳಿಯಿತು.

ಅಲ್ಝೈಮರ್ ಕಾಯಿಲೆಯಲ್ಲಿ ಮಿದುಳಿನಲ್ಲಿ ಕೂರುವುದು ಅಮಿಲಾಯ್ಡ್ ಬೀಟಾ ಅನ್ನುವ ಪ್ರೊಟೀನಿನ ತುಣುಕು. ಕಾಕಾನಂಥವರ ಹೊಟ್ಟೆಯ ಗಂಟಿನಲ್ಲಿ ಇರುವುದು ಇನ್ಸುಲಿನ್. ಎರಡೂ ಬೇರೆ ಪ್ರೊಟೀನು. ಗಂಟು ಚುಚ್ಚಿದ ಜಾಗದಲ್ಲೇ ಕೂರುವಂಥದ್ದು. ಆಕಾರ ಒಂದೇ ಅಂತ ಕಾಯಿಲೆಯೂ ಒಂದೇ ಅನ್ನುವುದು, ಇಬ್ಬರಿಗೂ ಬಿಳಿ ಕೋಟು ಇದೆ ಅಂತ ಕ್ಷೌರದಂಗಡಿಯವನನ್ನು ಸರ್ಜನ್ ಅಂದ ಹಾಗೆ.

*ನಮ್ಮ ಹಾರ್ಮೋನುಗಳೇ ಹೀಗೆ ಕೂತಿರುತ್ತವೆ*

ಫಾರ್ವರ್ಡ್ ಬರೆದವನಿಗೆ ಗೊತ್ತಿಲ್ಲದ ಸಂಗತಿ ಇದು. ನನ್ನ ಬಿಎಸ್ಸಿ ನರ್ಸಿಂಗ್ ಪುಸ್ತಕದಲ್ಲೂ ಇರಲಿಲ್ಲ. ಅಲ್ಲಿ ಅಮಿಲಾಯ್ಡ್ ಅಂದರೆ ಪೆಥಾಲಜಿ, ಅಂದರೆ ಕಾಯಿಲೆ, ಅಷ್ಟೇ.

2009ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಂದು ಪ್ರಬಂಧ ಬಂತು. ಮೊದಲ ಹೆಸರು ಸಮೀರ್ ಮಾಜಿ, ಈಗ ಮುಂಬೈ ಐಐಟಿಯಲ್ಲಿ ಪ್ರಾಧ್ಯಾಪಕರು. ಕೊನೆಯ ಹೆಸರು ರೋಲಾಂಡ್ ರೀಕ್. ತಲೆಬುಡದಲ್ಲಿ ಕಡಲೆಕಾಳಿನಷ್ಟು ದೊಡ್ಡ ಪಿಟ್ಯುಟರಿ ಗ್ರಂಥಿ ಇದೆಯಲ್ಲ, ಅದರ ಜೀವಕೋಶಗಳು ಹಾರ್ಮೋನನ್ನು ತಯಾರಿಸಿ ಸಣ್ಣ ಸಣ್ಣ ಚೀಲದಲ್ಲಿ ತುಂಬಿ ಇಡುತ್ತವೆ. ಬೇಕಾದಾಗ ಚೀಲ ಒಡೆದು ರಕ್ತಕ್ಕೆ ಬಿಡುತ್ತವೆ. ಚೀಲದೊಳಗೆ ಆ ಹಾರ್ಮೋನು ಹೇಗೆ ಇರುತ್ತದೆ? ಅಮಿಲಾಯ್ಡ್ ಥರದ ಜೋಡಣೆಯಲ್ಲಿ ಅಂತ ಇವರ ತಂಡ ತೋರಿಸಿತು. 42 ಹಾರ್ಮೋನುಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದರು. ಚೀಲದೊಳಗಿನಂಥ ಹುಳಿ ವಾತಾವರಣದಲ್ಲಿ, ಹೆಪಾರಿನ್ ಜೊತೆ ಇಟ್ಟಾಗ, 31 ಹಾರ್ಮೋನುಗಳು ಅಮಿಲಾಯ್ಡ್ ಆದವು. ನಾವು ರಕ್ತ ಹೆಪ್ಪುಗಟ್ಟದಂತೆ ಕೊಡುವ ಅದೇ ಹೆಪಾರಿನ್. ಅದರ ಬಳಗದ ಸಕ್ಕರೆ ಸರಪಳಿಗಳು ಜೀವಕೋಶದಲ್ಲೂ ಇರುತ್ತವೆ.

ತಾಯಿಯ ಎದೆಹಾಲಿಗೆ ಬೇಕಾದ ಪ್ರೊಲ್ಯಾಕ್ಟಿನ್, ಮಕ್ಕಳ ಬೆಳವಣಿಗೆಯ ಹಾರ್ಮೋನು, ದೇಹದ ಸ್ವಂತ ನೋವುನಿವಾರಕವಾದ ಬೀಟಾ ಎಂಡಾರ್ಫಿನ್, ಎಲ್ಲ ಆ ಗ್ರಂಥಿಯವೇ.

ನಮ್ಮ ಅಜ್ಜಿಯ ಮನೆ ಮುಂದೆ ಹಗೇವು ಇತ್ತು. ನೆಲದೊಳಗೆ ತೋಡಿದ ಜೋಳದ ಕಣಜ. ಸುತ್ತ ಹುಲ್ಲು ಹಾಸಿ, ಒತ್ತಿ ತುಂಬಿ, ಮೇಲೆ ಕಲ್ಲು ಮಣ್ಣು ಮುಚ್ಚಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಬರಗಾಲದಲ್ಲಿ ತೆಗೆದರೆ ಊರಿಗೆ ಊಟ. ಹಾರ್ಮೋನಿನ ಚೀಲವೂ ಹಾಗೆ. ಕಡಿಮೆ ಜಾಗದಲ್ಲಿ ಹೆಚ್ಚು ಮಾಲು, ಸೋರುವುದಿಲ್ಲ, ಬೇಗ ಕೆಡುವುದಿಲ್ಲ.

ಮತ್ತೆ ತೆಗೆಯುವುದು ಹೇಗೆ? ಚೀಲದೊಳಗೆ ಪಿಎಚ್ ಸುಮಾರು 5.5, ಹುಳಿ. ರಕ್ತದ ಪಿಎಚ್ 7.4, ಎಬಿಜಿ ಓದುವ ಪ್ರತಿ ನರ್ಸಿಗೂ ಬಾಯಿಪಾಠ. ಚೀಲ ತೆರೆದು ಹಾರ್ಮೋನು ಹೊರಗೆ ಬಂದ ಕೂಡಲೇ ಹುಳಿ ಹೋಗುತ್ತದೆ, ಸುತ್ತ ನೀರು ಹೆಚ್ಚುತ್ತದೆ, ಜೋಡಣೆ ಬಿಚ್ಚಿಕೊಳ್ಳುತ್ತದೆ. ಬೀಟಾ ಎಂಡಾರ್ಫಿನ್‌ನಲ್ಲಿ ಇದರ ಸ್ವಿಚ್ಚನ್ನೂ ಹುಡುಕಿದ್ದಾರೆ. ಸರಪಳಿಯ ಎಂಟನೇ ಜಾಗದಲ್ಲಿರುವ ಗ್ಲುಟಮಿಕ್ ಆಮ್ಲ, ಹುಳಿಯಲ್ಲಿ ಒಂದು ಥರ, ರಕ್ತದಲ್ಲಿ ಇನ್ನೊಂದು ಥರ. ಮೊದಲನೆಯದರಲ್ಲಿ ದಾರ ಕಟ್ಟುತ್ತದೆ, ಎರಡನೆಯದರಲ್ಲಿ ಕಳಚುತ್ತದೆ.

ಇನ್ನೂ ಒಂದು. ನಮ್ಮ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಾಗುವಾಗ ಅದು ಕೂರುವ ಹಂದರವೂ ಅಮಿಲಾಯ್ಡೇ. ಪಿಮೆಲ್ ಅನ್ನುವ ಪ್ರೊಟೀನಿನದು, 2006ರಲ್ಲಿ ಗೊತ್ತಾಯಿತು. ಅಮಿಲಾಯ್ಡ್ ಎಲ್ಲ ವಿಷ ಅನ್ನುವುದಾದರೆ, ಫಾರ್ವರ್ಡ್ ಮಾಡಿದ ಮಹಾನುಭಾವರೇ, ನಿಮ್ಮ ಮೈಬಣ್ಣವನ್ನೂ ಬಿಡಬೇಕಾಗುತ್ತದೆ.

*ಹಾಗಾದರೆ ಕಾಕಾನ ಗಂಟು?*

ಇಲ್ಲಿ ನಾನು ಪ್ರಾಮಾಣಿಕವಾಗಿ ಇರಬೇಕು. ಅಮಿಲಾಯ್ಡ್ ಒಳ್ಳೆಯದು ಅಂತ ಹೇಳಿ ಕೈತೊಳೆದುಕೊಂಡರೆ ನಾನೂ ಇನ್ನೊಂದು ಫಾರ್ವರ್ಡ್ ಬರೆದ ಹಾಗೆ.

ಇನ್ಸುಲಿನ್ ಮೇದೋಜೀರಕದ ಚೀಲದಲ್ಲಿ ಇರುವ ರೀತಿಯೇ ಬೇರೆ. ಅಲ್ಲಿ ಆರಾರು ಕಣ ಸೇರಿ, ಸತುವಿನ ಜೊತೆ, ಹರಳಾಗಿ ಕೂರುತ್ತವೆ. ಅದೇ ಚೀಲದಲ್ಲಿ ಅಮೈಲಿನ್ ಅನ್ನುವ ಇನ್ನೊಂದು ಹಾರ್ಮೋನು ಇದೆ, ಅದಕ್ಕೆ ಅಮಿಲಾಯ್ಡ್ ಆಗುವ ಚಾಳಿ ಜೋರು. ಚೀಲದ ಹುಳಿಯೂ ಪಕ್ಕದ ಇನ್ಸುಲಿನ್ನೂ ಅದನ್ನು ತಡೆದು ಇಡುತ್ತವೆ. ಚೀಲದಿಂದ ಹೊರಗೆ ಬಂದ ಮೇಲೆ ಅದು ಜೀವಕೋಶಗಳ ಸುತ್ತ ಕರಗದೆ ಕೂತರೆ ಅದು ಕಾಯಿಲೆಯ ಗುರುತು. ಟೈಪ್ 2 ಡಯಾಬಿಟಿಸ್ ಇರುವ ಬಹಳ ಜನರ ಮೇದೋಜೀರಕದಲ್ಲಿ ಅದು ಸಿಗುತ್ತದೆ.

ಪೆನ್ನಿನಿಂದ ಚರ್ಮದ ಕೆಳಗೆ ಹೋದ ಇನ್ಸುಲಿನ್ನಿಗೆ ಚೀಲವೂ ಇಲ್ಲ, ಕಾವಲೂ ಇಲ್ಲ. ಸಾಮಾನ್ಯವಾಗಿ ಅದು ರಕ್ತಕ್ಕೆ ಸೇರಿಹೋಗುತ್ತದೆ. ಆದರೆ ವರ್ಷಗಟ್ಟಲೆ ಒಂದೇ ಜಾಗಕ್ಕೆ ಸುರಿದರೆ ಕೆಲವರಲ್ಲಿ ಅಲ್ಲೇ ದಾರಗಟ್ಟಿ ಉಳಿಯುತ್ತದೆ. ಹಗೇವಿಗೆ ತುಂಬಿದ ಜೋಳ ಬೇರೆ, ದಿನಾ ಹಸಿ ನೆಲಕ್ಕೆ ಚೆಲ್ಲಿ ಮುಗ್ಗುಹಿಡಿದು ಹೆಂಟೆಯಾದ ಜೋಳ ಬೇರೆ. ಧಾನ್ಯ ಒಂದೇ, ಆದರೆ ಎರಡನೆಯದರಿಂದ ಬೇಕೆಂದಾಗ ಒಂದು ಸೇರು ತೆಗೆಯಲಾಗುವುದಿಲ್ಲ.

ಚರ್ಮದ ಕೆಳಗೆ ಇದ್ದದ್ದೇ ತಪ್ಪು ಅಂತಲೂ ಅಲ್ಲ. ಇದೇ ಮಾಜಿ, ರೀಕ್ ಇದ್ದ ತಂಡ 2008ರಲ್ಲೇ ಇನ್ನೊಂದು ಪ್ರಬಂಧ ಬರೆದಿತ್ತು. ಚುಚ್ಚಿದ ಜಾಗದಲ್ಲಿ ಅಮಿಲಾಯ್ಡ್ ಆಗಿ ಕೂತು, ತುದಿಯಿಂದ ನಿಧಾನ ಕಳಚುತ್ತಾ, ಬಹಳ ದಿನ ಔಷಧಿ ಬಿಡುವಂಥ ಇಂಜೆಕ್ಷನ್ ಮಾಡಬಹುದು ಅಂತ. ನೋಡಬೇಕಾದದ್ದು ಒಂದೇ: ಕೂತದ್ದು ಬೇಕಾದಾಗ ಬಿಚ್ಚಿಕೊಳ್ಳುತ್ತದೋ ಇಲ್ಲವೋ. ಕಾಕಾನ ಗಂಟು ಬಿಚ್ಚಿಕೊಳ್ಳುತ್ತಿರಲಿಲ್ಲ.

*ನಿಜವಾದ ಅಪಾಯ ಇದು*

ಇನ್ಸುಲಿನ್ ಗಂಟಿನ ವಿಷಯ ಹೊಸದೇನಲ್ಲ. 1983ರಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಗಿದೆ. 2014ರಲ್ಲಿ ಜಪಾನಿನ ವೈದ್ಯರು ಅಂಥ ಗಂಟಿಗೆ ಚುಚ್ಚಿದ ಇನ್ಸುಲಿನ್ ರಕ್ತಕ್ಕೆ ಎಷ್ಟು ಸೇರುತ್ತದೆ ಅಂತ ಅಳೆದರು. ಒಳ್ಳೆಯ ಜಾಗಕ್ಕೆ ಹೋಲಿಸಿದರೆ ಸುಮಾರು ಮೂರನೇ ಒಂದು ಭಾಗ. 2020ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ ಎಲ್ಲ ಬಗೆಯ ಇನ್ಸುಲಿನ್ನಿಗೂ ಅನ್ವಯಿಸುವ ಎಚ್ಚರಿಕೆ ಹೊರಡಿಸಿತು: ಜಾಗ ಬದಲಿಸಿ ಚುಚ್ಚಿ, ಗಂಟಿಗೆ ಚುಚ್ಚಬೇಡಿ, ಗಂಟಿನಿಂದ ಒಳ್ಳೆಯ ಜಾಗಕ್ಕೆ ಒಮ್ಮೆಲೇ ಬದಲಿಸಿದರೆ ಸಕ್ಕರೆ ಕುಸಿಯಬಹುದು, ನೋಡಿಕೊಳ್ಳಿ.

ಈ ಕೊನೆಯ ಮಾತನ್ನು ಎರಡು ಸಲ ಓದಿ.

ಕಾಕಾನ ಫೈಲ್ ತೆಗೆದೆ. ಆರು ವರ್ಷದಲ್ಲಿ ಡೋಸ್ ಏರುತ್ತಲೇ ಹೋಗಿತ್ತು. ಸಕ್ಕರೆ ಇಳಿಯಲಿಲ್ಲ, ಡೋಸ್ ಏರಿಸಿದರು. ಮತ್ತೆ ಇಳಿಯಲಿಲ್ಲ, ಮತ್ತೆ ಏರಿಸಿದರು. "ಖರ್ಜೂರ ತಿಂತಾನೆ, ಮಾತು ಕೇಳಲ್ಲ" ಅಂತ ಬೈಗುಳ ಬೇರೆ. ಸುರಿದ ಇನ್ಸುಲಿನ್ ಅರ್ಧಕ್ಕಿಂತ ಹೆಚ್ಚು ಗಂಟಿನಲ್ಲೇ ಉಳಿಯುತ್ತಿತ್ತು ಅಂತ ಯಾರಿಗೂ ಹೊಳೆಯಲಿಲ್ಲ. ಹೊಟ್ಟೆ ಮುಟ್ಟಿದ್ದರೆ ತಾನೇ ಹೊಳೆಯುವುದು?

ಮೂರು ತಿಂಗಳ ಹಿಂದಿನ ಒಂದು ಪುಟದಲ್ಲಿ ಹೀಗಿತ್ತು: "ಜಾಗ ಬದಲಿಸಿ ಚುಚ್ಚಲು ತಿಳಿಸಲಾಗಿದೆ". ಟಿಕ್. ಕೆಳಗಿನ ಸಹಿ ನನ್ನದು.

ತಿಳಿಸಿದ್ದೆ ನಿಜ. ಹಿಂದಿಯಲ್ಲಿ ಅರ್ಧ, ಕನ್ನಡದಲ್ಲಿ ಅರ್ಧ, ಮುಂದಿನ ಪೇಷೆಂಟ್ ಬಾಗಿಲಲ್ಲಿ ನಿಂತಿದ್ದ. ಅಂಗಿ ಎತ್ತಿಸಿ ಬೆರಳಾಡಿಸಲಿಲ್ಲ. ಒಂದು ನಿಮಿಷದ ಕೆಲಸ.

ಆ ರಾತ್ರಿ ಒಳ್ಳೆಯ ಜಾಗಕ್ಕೆ ಹಳೇ ಡೋಸನ್ನೇ ಪೂರ್ತಿ ಕೊಡಬೇಕು ಅಂತ ಚಾರ್ಟಿನಲ್ಲಿ ಇತ್ತು. ನನಗೆ ಕೈ ಬರಲಿಲ್ಲ. ಆನ್ ಕಾಲ್ ಡಾಕ್ಟರಿಗೆ ಫೋನ್ ಮಾಡಿ ಗಂಟಿನ ವಿಷಯ ಹೇಳಿದೆ. ಅವರು ಬಂದು ಮುಟ್ಟಿ ನೋಡಿ ಡೋಸ್ ಬಹಳಷ್ಟು ಇಳಿಸಿದರು. ಇಷ್ಟಾಗಿಯೂ ಬೆಳಗಿನ ಜಾವ ಮೂರಕ್ಕೆ ಸಕ್ಕರೆ 64ಕ್ಕೆ ಇಳಿದಿತ್ತು. ಜ್ಯೂಸ್ ಕುಡಿಸಿ, ಹದಿನೈದು ನಿಮಿಷಕ್ಕೆ ಮತ್ತೆ ಚುಚ್ಚಿ ನೋಡಿ, ನಾನು ಮಂಚದ ಪಕ್ಕ ಕೂತೆ. ಹಳೇ ಡೋಸ್ ಕೊಟ್ಟಿದ್ದರೆ ಏನಾಗುತ್ತಿತ್ತು ಅಂತ ಲೆಕ್ಕ ಹಾಕಲು ಮನಸ್ಸು ಬರಲಿಲ್ಲ.

*ನನ್ನ ಜಗಳ ಯಾರ ಜೊತೆ*

ಮೊದಲು ಫಾರ್ವರ್ಡಿನವರ ಜೊತೆ. ನೀವು ಒಂದು ನಿಜವನ್ನು ಎತ್ತಿಕೊಂಡು ಅದಕ್ಕೆ ಸುಳ್ಳಿನ ಬಾಲ ಕಟ್ಟಿದಿರಿ. ಗಂಟು ಇರುವವರು ಜಾಗ ಬದಲಿಸಬೇಕು, ಇನ್ಸುಲಿನ್ ಬಿಡಬಾರದು. ಬಿಟ್ಟವರು ಎಲ್ಲಿಗೆ ಬರುತ್ತಾರೆ ಅಂತ ನಾನು ನೋಡಿದ್ದೇನೆ. ಆ ಹೊತ್ತಿಗೆ ನಿಮ್ಮ ಕಷಾಯ ಅಲ್ಲಿ ಇರುವುದಿಲ್ಲ, ನಾವು ಇರುತ್ತೇವೆ.

ಎರಡನೆಯದು ನನ್ನ ಬಳಗದವರ ಜೊತೆ. ಈ ಕಂತು ಬರೆಯುತ್ತೇನೆ ಅಂದಾಗ ದುಬೈನಲ್ಲಿರುವ ನನ್ನ ಸೀನಿಯರ್ ಒಬ್ಬರು ಹೇಳಿದರು, "ಅಮಿಲಾಯ್ಡ್ ಗಿಮಿಲಾಯ್ಡ್ ಅಂತ ಪಬ್ಲಿಕ್‌ಗೆ ಹೇಳಬೇಡ ಕಣೇ, ಹೆದರಿ ಇಂಜೆಕ್ಷನ್ ಬಿಡ್ತಾರೆ." ಅಕ್ಕಾ, ನಿಮ್ಮ ಮೇಲೆ ಗೌರವ ಇದೆ. ಆದರೆ ಅವರು ಬಿಟ್ಟಾಗಿದೆ. ನಾವು ಸುಮ್ಮನಿದ್ದ ಜಾಗದಲ್ಲಿ ತಲೆಬುರುಡೆಯವನು ಮಾತಾಡಿದ. ಕಾಕಾನಿಗೆ ನಾನು ಮೂರು ತಿಂಗಳ ಮೊದಲೇ "ಇಲ್ಲಿ ಗಂಟಾಗಿದೆ, ಇನ್ಸುಲಿನ್ನೇ ಮುದ್ದೆಗಟ್ಟಿರಬಹುದು, ಇಲ್ಲಿ ಚುಚ್ಚಬೇಡಿ" ಅಂದಿದ್ದರೆ, ಫಾರ್ವರ್ಡ್ ಬಂದ ದಿನ ಅವರೇ "ಹೌದಪ್ಪ, ನಮ್ಮ ಸಿಸ್ಟರ್ ಹೇಳ್ಯಾಳ, ಜಾಗಾ ಬದಲಿಸಿದ್ರ ಆತು" ಅಂತ ಗ್ರೂಪಿಗೆ ಉತ್ತರ ಹಾಕುತ್ತಿದ್ದರು. ಗೊತ್ತಿರುವವರು ಇಷ್ಟು ಸುಲಭವಾಗಿ ಹೆದರುವುದಿಲ್ಲ.

ಮೂರನೆಯದು ಟಿಕ್ ಹಾಕುವ ಕೈಗಳ ಜೊತೆ. ನನ್ನದೂ ಸೇರಿ. ಡೋಸ್ ಏರಿಸುವ ಮೊದಲು ಹೊಟ್ಟೆ ಮುಟ್ಟದೆ ಇರುವುದು ಟೈಮಿಲ್ಲದ ಪ್ರಶ್ನೆಯಲ್ಲ. ಏರಿಸಿದ ಡೋಸಿಗೆ ಪ್ರಿಸ್ಕ್ರಿಪ್ಷನ್ ಬರೆಯಲು, ಇನ್ಶೂರೆನ್ಸ್ ಅಪ್ರೂವಲ್‌ಗೆ ಕಾಯಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು.

*ಮಾಡಬೇಕಾದದ್ದು*

1. ಇವತ್ತೇ ಕೈ ತೊಳೆದು ಹೊಟ್ಟೆ, ತೊಡೆ, ಚುಚ್ಚುವ ಎಲ್ಲ ಜಾಗ ಮುಟ್ಟಿ ನೋಡಿ. ಮೆತ್ತಗಿನ ಉಬ್ಬು ಹೆಚ್ಚಾಗಿ ಕೊಬ್ಬಿನದು, ಅದೇ ಜಾಸ್ತಿ ಜನರಲ್ಲಿ ಕಾಣುವುದು. ಗಟ್ಟಿ ಗಂಟು ಅಮಿಲಾಯ್ಡ್ ಇರಬಹುದು. ಖಚಿತ ಆಗುವುದು ಡಾಕ್ಟರ್ ಮಾಡಿಸುವ ಪರೀಕ್ಷೆಯಿಂದ. ಎರಡಕ್ಕೂ ಚುಚ್ಚಬಾರದು.

2. ಗಂಟು ಸಿಕ್ಕಿದರೆ ಇನ್ಸುಲಿನ್ ನಿಲ್ಲಿಸಬೇಡಿ. ಹಳೇ ಡೋಸನ್ನೇ ಹೊಸ ಜಾಗಕ್ಕೆ ತಾವೇ ಹಾಕಿಕೊಳ್ಳಲೂ ಬೇಡಿ. ಅದೇ ದಿನ ಡಾಕ್ಟರಿಗೋ ಡಯಾಬಿಟಿಸ್ ನರ್ಸಿಗೋ ತೋರಿಸಿ, ಡೋಸ್ ಕೇಳಿ. ಸ್ವಲ್ಪ ದಿನ ಸಕ್ಕರೆಯನ್ನು ಹೆಚ್ಚು ಸಲ ನೋಡಿಕೊಳ್ಳಬೇಕಾಗುತ್ತದೆ.

3. ನೋವಾಗದ ಜಾಗ ಒಳ್ಳೆಯ ಜಾಗ ಅಂತ ತಿಳಿಯಬೇಡಿ. ಅದು ಕೆಟ್ಟ ಜಾಗ ಆಗಿರಬಹುದು. ಒಂದು ಸಲ ಚುಚ್ಚಿದ ಕಡೆಯಿಂದ ಮುಂದಿನ ಸಲ ಕನಿಷ್ಠ ಒಂದು ಬೆರಳಿನ ಅಗಲ ದೂರ. ಒಂದು ಸೂಜಿ ಒಂದೇ ಸಲಕ್ಕೆ. ಕಾಕಾ ಒಂದೇ ಸೂಜಿಯಲ್ಲಿ ವಾರ ದೂಡುತ್ತಿದ್ದರು.

4. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಪೆನ್ ಬಿಡಬೇಡಿ. ಇಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3ರವರೆಗೆ ಬಯಲಿನಲ್ಲಿ ಮನುಷ್ಯರನ್ನೇ ದುಡಿಸುವಂತಿಲ್ಲ ಅಂತ ಕಾನೂನು ಇದೆ, ಆ ಶಾಖದಲ್ಲಿ ಇನ್ಸುಲಿನ್ ಬದುಕುತ್ತದಾ? ಶಾಖಕ್ಕೂ ಜೋರಾಗಿ ಅಲ್ಲಾಡಿಸುವುದಕ್ಕೂ ಅದು ಸೀಸೆಯೊಳಗೇ ದಾರಗಟ್ಟಬಹುದು. ತಿಳಿಯಾಗಿ ಇರಬೇಕಾದದ್ದು ಮಬ್ಬಾಗಿ ಕಂಡರೆ, ಗಾಜಿಗೆ ಪುಡಿ ಅಂಟಿದ್ದರೆ ಎಸೆಯಿರಿ.

5. ನರ್ಸ್ ಅಥವಾ ಡಾಕ್ಟರ್ ಡೋಸ್ ಏರಿಸುತ್ತೇನೆ ಅಂದರೆ, ಮರ್ಯಾದೆಯಿಂದಲೇ ಕೇಳಿ: "ಮೊದಲು ಚುಚ್ಚುವ ಜಾಗ ನೋಡ್ತೀರಾ?" ಬೈಸಿಕೊಂಡರೆ ನನ್ನ ಹೆಸರು ಹೇಳಿ.

ಕಾಕಾ ಈಗ ಮೊದಲಿನ ಡೋಸಿನ ಅರ್ಧಕ್ಕೂ ಕಡಿಮೆಯಲ್ಲಿ ಇದ್ದಾರೆ. ಗಂಟು ಹಾಗೇ ಇದೆ, ಅದು ತಾನಾಗಿ ಕರಗುವಂಥದ್ದಲ್ಲ. ಡಿಸ್ಚಾರ್ಜ್ ದಿನ ಕೇಳಿದರು, "ಹಂಗಾರ ನನ್ನ ಮೈಯಾಗ ಒಳ್ಳೇ ಅಮಿಲಾಯ್ಡೂ ಐತೇನವಾ?"

"ಐತಿ ಕಾಕಾ. ಹಗೇವಿನ್ಯಾಗ ಇದ್ದಂಗ ಐತಿ."

"ಮತ್ತ ಇದು?" ಅಂತ ಹೊಟ್ಟೆ ಮುಟ್ಟಿಕೊಂಡರು.

"ಅದು ನಾವು ಚೆಲ್ಲಿದ್ದು."

ಅವರು ನಕ್ಕು, ಎಡಗಡೆ ಪೆನ್ನಿನಿಂದ ಹಾಕಿದ ಸಣ್ಣ ಗುರುತು ತೋರಿಸಿದರು. ಸೋಮವಾರ ಇಲ್ಲಿ, ಮಂಗಳವಾರ ಇಲ್ಲಿ ಅಂತ ತಾವೇ ನಕ್ಷೆ ಮಾಡಿಕೊಂಡಿದ್ದರು.

ಆ ಫಾರ್ವರ್ಡ್ ನಿಮ್ಮ ಗ್ರೂಪಿಗೂ ಬಂದಿದ್ದರೆ ಈ ಪೋಸ್ಟನ್ನು ಅದರ ಕೆಳಗೇ ಹಾಕಿ. ನನ್ನ ಹಾಗೆ ಡಿಲೀಟ್ ಮಾಡಿ ಮಲಗಬೇಡಿ. ಊರಲ್ಲಿರುವ ಅಪ್ಪ ಅಮ್ಮನಿಗೆ ಇವತ್ತು ವಿಡಿಯೋ ಕಾಲ್ ಮಾಡಿದಾಗ ಸಕ್ಕರೆ ಎಷ್ಟು ಅಂತ ಮಾತ್ರ ಕೇಳಬೇಡಿ, ಎಲ್ಲಿ ಚುಚ್ಚಿಕೊಳ್ಳುತ್ತೀರಿ, ಮುಟ್ಟಿದರೆ ಹೇಗಿದೆ ಅಂತಲೂ ಕೇಳಿ. ಗಂಟು ಸಿಕ್ಕಿದವರು ಕಾಮೆಂಟಿನಲ್ಲಿ ಬರೆಯಿರಿ, ಫೋಟೋ ಹಾಕಬೇಡಿ. ಡೋಸ್ ಮಾತ್ರ ನನ್ನನ್ನು ಕೇಳಬೇಡಿ, ಅದು ನಿಮ್ಮ ಡಾಕ್ಟರು ನಿಮ್ಮನ್ನು ಮುಟ್ಟಿ ನೋಡಿ ಹೇಳಬೇಕಾದದ್ದು.

ಮುಂದಿನ ಕಂತು ರಂಜಾನ್ ಉಪವಾಸದ ದಿನಗಳಲ್ಲಿ ಇನ್ಸುಲಿನ್ ಬಗ್ಗೆ. ನಾಳೆಯಿಂದ ನಾಲ್ಕು ನೈಟ್ ಇದೆ, ಉತ್ತರ ತಡವಾದರೆ ಬೇಜಾರು ಮಾಡಿಕೊಳ್ಳಬೇಡಿ.